ಹಳೆಯ ಬೈಕಿಗೂ ಹಲ್ಲಿನ ಲೆಕ್ಕ

ಪುಷ್ಯ ಮಾಸ ಹತ್ತಿರವಾಯಿತೆಂದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಬಯಲು ದನಗಳ ಜಾತ್ರೆಯಿಂದ ತುಂಬಿಹೋಗುತ್ತದೆ. ಹಳ್ಳಿಕಾರ್ ಜೋಡಿಗಳ ಮೈ ತೊಳೆದು, ಕೊಂಬಿಗೆ ಕುಚ್ಚು ಕಟ್ಟಿ, ಚಪ್ಪರದ ನೆರಳಿನಲ್ಲಿ ನಿಲ್ಲಿಸಿರುತ್ತಾರೆ. ಕೊಳ್ಳಲು ಬಂದವನು ಬೆಲೆ ಕೇಳುವ ಮೊದಲು ಮಾಡುವ ಕೆಲಸ ಒಂದೇ. ದವಡೆ ಹಿಡಿದು, ತುಟಿ ಸರಿಸಿ, ಹಲ್ಲು ನೋಡುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಸಿದ್ಧಗಂಗೆಯ ಜಾತ್ರೆಯಲ್ಲಿ ರಾಸುಗಳಿಗೆ ಬಹುಮಾನ ಕೊಡುವಾಗಲೂ ಇದೇ ವಿಂಗಡಣೆ. ಎರಡು ಹಲ್ಲಿನ ಹೋರಿಯನ್ನು ಬಾಯಿಗೂಡಿದ ಎತ್ತಿನೊಡನೆ ನಿಲ್ಲಿಸಿ ಯಾರೂ ತೂಗುವುದಿಲ್ಲ. ಒಡೆಯ ಹೇಳುವ ವಯಸ್ಸನ್ನು ಯಾರೂ ಬರೆದುಕೊಳ್ಳುವುದೂ ಇಲ್ಲ. ಹಲ್ಲು ಹೇಳಿದ್ದೇ ವಯಸ್ಸು.

ಮೋಟಾರು ಸೈಕಲ್ಲಿನ ಲೇಖನಕ್ಕೆ ದನದ ಜಾತ್ರೆಯ ಪೀಠಿಕೆ ಏಕೆಂದು ಓದುಗ ಬಂಧುಗಳು ಕೇಳಬಹುದು. ಕಳೆದ ಜಾತ್ರೆಯನ್ನು ನೋಡಿಕೊಂಡು ಹಿಂದಿರುಗುವಾಗ ನಾವು ಅದೇ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪರಿಚಿತರ ಮನೆಗೆ ಹೋಗಿದ್ದೆವು. ದ್ರಾಕ್ಷಿ ತೋಟದವರ ಮನೆ. ಹಿರಿಯ ಯಜಮಾನರು ಲಿಂಗೈಕ್ಯರಾಗಿ ನಾಲ್ಕು ವರ್ಷಗಳಾಗಿವೆ. ಕೊಟ್ಟಿಗೆಯ ಮೂಲೆಯಲ್ಲಿ, ಗೊಬ್ಬರದ ಚೀಲಗಳ ಹಿಂದೆ, ಅವರು 1968ರಲ್ಲಿ ಕೊಂಡಿದ್ದ ಜಾವಾ ಮೋಟಾರು ಸೈಕಲ್ಲು ಧೂಳು ಹೊದ್ದು ನಿಂತಿತ್ತು. ಅದರ ವಿಷಯದಲ್ಲಿ ಆ ಮನೆಯಲ್ಲಿ ಮೂರು ಅಭಿಪ್ರಾಯಗಳಿದ್ದವು. ಮಗ ಅದನ್ನು ಗುಜರಿಗೆ ಹಾಕಿ ಜಾಗ ಖಾಲಿ ಮಾಡಬೇಕೆನ್ನುವವರು. ಅಜ್ಜಿ ಅದನ್ನು ಮುಟ್ಟಕೂಡದೆನ್ನುವವರು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನಿಗೆ ಅದನ್ನು ಮಣ್ಣಿನ ಓಟದ ಬೈಕು ಮಾಡಬೇಕೆಂಬ ಹಂಬಲ. ಹಿಂದಿನ ಫ್ರೇಮನ್ನು ಕತ್ತರಿಸಿ, ಹೊಸ ಬೈಕಿನ ಒಂಟಿ ಶಾಕ್ ಅಬ್ಸಾರ್ಬರನ್ನು ನಡುವೆ ಕೂರಿಸಿ, ಸೀಟನ್ನು ಎತ್ತರಿಸಲು ವೆಲ್ಡಿಂಗ್ ಮಾಡುವವನಿಗೆ ಬರುವ ಸೋಮವಾರಕ್ಕೆ ಹೇಳಿಯೂ ಆಗಿತ್ತು.

“ಹೊರದೇಶದಲ್ಲಿ ಹಳೇ ಬೈಕುಗಳಿಗೇ ಬೇರೆ ಮೋಟೊಕ್ರಾಸ್ ಪಂದ್ಯ ನಡೆಸ್ತಾರೆ ಸಾರ್. ಇದು ಹಳೇದೇ ತಾನೇ? ಯಾಕೆ ಸೇರಿಸಿಕೊಳ್ಳಲ್ಲ?” ಎಂದು ಹುಡುಗ ಕೇಳಿದ. “ನೀವಾದ್ರೂ ಹೇಳಿ ಸ್ವಾಮಿ, ಕುಯ್ಯಬೇಡ ಅಂತ” ಎಂದು ಅಜ್ಜಿ ಒಳಗಿನಿಂದಲೇ ಕೂಗಿದರು.

ನಾವು ಯಂತ್ರವಿದ್ಯೆ ಕಲಿತವರಲ್ಲ. ಸೋಮವಾರದ ಕೆಲಸವನ್ನು ಒಂದು ತಿಂಗಳು ಮುಂದಕ್ಕೆ ಹಾಕುವಂತೆ ಮಾತ್ರ ಕೇಳಿಕೊಂಡು, ಆ ಪಂದ್ಯಗಳ ನಿಯಮಗಳನ್ನು ಓದಲು ಕುಳಿತೆವು. ಓದಿದಂತೆಲ್ಲ ನಮ್ಮ ಕಣ್ಣಿಗೆ ಕಟ್ಟಿದ್ದು ಘಾಟಿಯ ಬಯಲೇ. ಇಂಥ ಗಾಡಿಗಳು ನಮ್ಮ ಸಮಾಜದ ಅನೇಕ ಮನೆಗಳ ಕೊಟ್ಟಿಗೆ, ಹಿತ್ತಿಲು, ಅಟ್ಟದ ಕೆಳಗೆ ಇನ್ನೂ ನಿಂತಿರುವುದರಿಂದ, ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೈಸೂರಿನ ಗಾಡಿ, ಚೆಕ್ ದೇಶದ ನೆಂಟಸ್ತಿಕೆ

ಮೊದಲು ಗಾಡಿಯ ಕುಲಗೋತ್ರ. ಫಾರೂಕ್ ಇರಾನಿಯವರು ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಗಾಡಿಗಳನ್ನು ಹೊರತರತೊಡಗಿತು. ಆಗಿನ ಚೆಕೊಸ್ಲೊವಾಕಿಯದ ಜಾವಾ ಕಂಪೆನಿಯ ಪರವಾನಗಿಯಿಂದ ತಯಾರಾಗುತ್ತಿದ್ದ ಈ 250 ಸಿ.ಸಿ. ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಿದರೆ ಬೆಟ್ಟವನ್ನಾದರೂ ಹತ್ತುತ್ತದೆಂಬ ಖ್ಯಾತಿ ಪಡೆದಿತ್ತು. ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದು ಗೇರಿನ ಕಡ್ಡಿಯಾಗುತ್ತಿದ್ದುದು ಇದರ ವಿಶೇಷ. ಈ ಚಮತ್ಕಾರವನ್ನು ನೆಂಟರಿಷ್ಟರಿಗೆ ತೋರಿಸದ ಜಾವಾ ಒಡೆಯರು ಇದ್ದಿರಲಾರರು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಚೆಕ್ ದೇಶದಲ್ಲಿ ಜಾವಾಕ್ಕೆ ಸಿ.ಝಡ್. ಎಂಬ ಸೋದರ ಸಂಸ್ಥೆಯೊಂದಿತ್ತು. ಸಿ.ಝಡ್. ಗಾಡಿಗಳು ಮಣ್ಣಿನ ಓಟದಲ್ಲಿ ಜಗತ್ತನ್ನೇ ಗೆದ್ದವು. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರೊಬೇರ್ 250 ಸಿ.ಸಿ. ವಿಶ್ವ ಪ್ರಶಸ್ತಿಯನ್ನು ಪಡೆದದ್ದು ಸಿ.ಝಡ್. ಮೇಲೆಯೇ. ಮರುವರ್ಷ ಸೋವಿಯತ್ ದೇಶದ ವಿಕ್ಟರ್ ಅರ್ಬೆಕೋವ್ ಅದೇ ಗಾಡಿಯ ಮೇಲೆ ಗೆದ್ದರು. 1966ರಿಂದ 1968ರವರೆಗೆ ಮೂರು ವರ್ಷ 500 ಸಿ.ಸಿ. ಪ್ರಶಸ್ತಿ ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ ಅವರದಾಯಿತು; ಅದೂ ಸಿ.ಝಡ್. ಗಾಡಿಯೇ. ದೊಡ್ಡಬಳ್ಳಾಪುರದ ಕೊಟ್ಟಿಗೆಯ ಗಾಡಿ ಈ ಲೆಕ್ಕದಲ್ಲಿ ವಿಶ್ವವಿಜೇತರ ದಾಯಾದಿ. ದಾಯಾದಿ ಎಂದ ಮಾತ್ರಕ್ಕೆ ಅದೇ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಅವು ಓಟಕ್ಕೆಂದೇ ಹುಟ್ಟಿದ ಹಗುರ ಗಾಡಿಗಳು; ನಮ್ಮದು ದ್ರಾಕ್ಷಿ ಬುಟ್ಟಿ ಕಟ್ಟಿಕೊಂಡು ಸಂತೆಗೆ ಹೋದ ಗಾಡಿ.

ಮಣ್ಣಿನ ಓಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1924ರಲ್ಲಿ ಕ್ಯಾಂಬರ್ಲಿ ಎಂಬ ಊರಿನ ಹತ್ತಿರ ಗುಡ್ಡ, ಕೆಸರು, ಹಳ್ಳಗಳ ನಡುವೆ ಮೋಟಾರು ಸೈಕಲ್ಲು ಓಡಿಸಿದ ಪಂದ್ಯವನ್ನು ಇದರ ಮೂಲವೆಂದು ಹೇಳುತ್ತಾರೆ. ಆಗ ಅದರ ಹೆಸರು ಸ್ಕ್ರ್ಯಾಂಬಲ್. ಮೋಟೊಕ್ರಾಸ್ ಎಂಬ ಹೆಸರು ಯೂರೋಪಿನ ಇತರ ದೇಶಗಳಲ್ಲಿ ಬಳಕೆಗೆ ಬಂದದ್ದು ಆಮೇಲೆ. 1957ರಲ್ಲಿ 500 ಸಿ.ಸಿ. ವರ್ಗಕ್ಕೂ 1962ರಲ್ಲಿ 250 ಸಿ.ಸಿ. ವರ್ಗಕ್ಕೂ ವಿಶ್ವ ಪ್ರಶಸ್ತಿ ಸ್ಥಾಪನೆಯಾಯಿತು. ಆ ಕಾಲದಲ್ಲಿ ವರ್ಗವೆಂದರೆ ಎಂಜಿನ್ನಿನ ಗಾತ್ರ ಮಾತ್ರ. ಎಲ್ಲ ಗಾಡಿಗಳೂ ಆಗ ಹೊಸವೇ ಆಗಿದ್ದರಿಂದ ವಯಸ್ಸಿನ ಪ್ರಶ್ನೆಯೇ ಏಳಲಿಲ್ಲ.

ಪ್ರಶ್ನೆ ಎದ್ದದ್ದು ಗಾಡಿಯ ಬೆನ್ನು ಬದಲಾದಾಗ. 1970ರ ದಶಕದ ಆರಂಭದವರೆಗೆ ಹಿಂಗಾಲಿಗೆ ಎಡಕ್ಕೊಂದು ಬಲಕ್ಕೊಂದು ಎರಡು ಶಾಕ್ ಅಬ್ಸಾರ್ಬರು. ಚಕ್ರ ಮೇಲೆ ಕೆಳಗೆ ಸರಿಯುತ್ತಿದ್ದುದು ಕೆಲವೇ ಅಂಗುಲ. ಉಬ್ಬಿನ ಮೇಲೆ ಹಾರಿ ಬಿದ್ದರೆ ಪೆಟ್ಟೆಲ್ಲ ಸವಾರನ ಬೆನ್ನೆಲುಬಿಗೆ. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಒಂದೇ ಶಾಕ್ ಅಬ್ಸಾರ್ಬರಿನ ಯಮಹಾ ಗಾಡಿಯಲ್ಲಿ 250 ಸಿ.ಸಿ. ವಿಶ್ವ ಪ್ರಶಸ್ತಿ ಗೆದ್ದರು. ಅಲ್ಲಿಂದ ಹತ್ತು ವರ್ಷ ಗಾಡಿಗಳು ನಿಲ್ಲದೆ ಬದಲಾದವು. ಚಕ್ರದ ಚಲನೆ ನಾಲ್ಕು ಅಂಗುಲದಿಂದ ಹನ್ನೆರಡು ಅಂಗುಲದವರೆಗೆ ಬೆಳೆಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಹಿಂಗಾಲಿಗೆ ಸನ್ನೆಕೋಲುಗಳ ಜೋಡಣೆ, ಎಂಜಿನ್ನಿಗೆ ನೀರಿನ ತಂಪು, ಮುಂಗಾಲಿಗೆ ಡಿಸ್ಕ್ ಬ್ರೇಕು ಒಂದರ ಹಿಂದೊಂದು ಬಂದವು. 1970ರ ಗಾಡಿಯನ್ನು 1984ರ ಗಾಡಿಯ ಪಕ್ಕದಲ್ಲಿ ನಿಲ್ಲಿಸಿದರೆ ಎರಡು ಹಲ್ಲಿನದರ ಪಕ್ಕ ಬಾಯಿಗೂಡಿದ್ದನ್ನು ನಿಲ್ಲಿಸಿದಂತೆ. ಹಳೆಯ ಗಾಡಿಯ ಸವಾರ ಎಷ್ಟೇ ಜಾಣನಾದರೂ ಮೊದಲ ಉಬ್ಬಿನಲ್ಲೇ ಹಿಂದೆ ಬೀಳುತ್ತಾನೆ. ಹಟ ಹಿಡಿದರೆ ಮೂಳೆ ಮುರಿದುಕೊಳ್ಳುತ್ತಾನೆ. ಹಳೆಯ ಗಾಡಿಗಳಿಗೆ ಬೇರೆ ವರ್ಗಗಳು ಬೇಕೆಂದು ಪ್ರೇಮಿಗಳು ಕೂಡಿ ನಿಯಮ ಬರೆದದ್ದು ಈ ಕಾರಣಕ್ಕೆ.

ನಿಯಮಗಳು ಬಾಯಿ ತೆರೆಸುವ ಬಗೆ

ಅಮೆರಿಕದಲ್ಲಿ ಇಂಥ ಪಂದ್ಯಗಳನ್ನು ನಡೆಸುವ ದೊಡ್ಡ ಸಂಸ್ಥೆ ಅಮೆರಿಕನ್ ಹಿಸ್ಟಾರಿಕ್ ರೇಸಿಂಗ್ ಮೋಟಾರ್‌ಸೈಕಲ್ ಅಸೋಸಿಯೇಷನ್. ಅದರ ‘ವಿಂಟೇಜ್’ ವಿಭಾಗ ಸ್ಥೂಲವಾಗಿ 1974ರವರೆಗಿನ ಗಾಡಿಗಳಿಗೆ. ಇಸವಿಯೊಂದೇ ಸಾಲದು, ಚಕ್ರದ ಚಲನೆ ಮುಂದೆ 7 ಅಂಗುಲ, ಹಿಂದೆ 4 ಅಂಗುಲ ಮೀರಕೂಡದು. 1972ರ ಗಾಡಿಯೇ ಇರಲಿ, ಒಡೆಯ ಅದರ ಹಿಂಭಾಗವನ್ನು 6 ಅಂಗುಲಕ್ಕೆ ಏರಿಸಿದ್ದರೆ ಹೊರಗೆ. ಇದೇ ಹಲ್ಲು ನೋಡುವ ಕೆಲಸ. ಅಳತೆಪಟ್ಟಿ ಹಿಡಿದು ಚಕ್ರವನ್ನು ಒತ್ತಿ ನೋಡುತ್ತಾರೆ. ಅದರ ಮುಂದಿನ ಕಾಲದ ಗಾಡಿಗಳಿಗೆ ಬೇರೆ ವಿಭಾಗಗಳಿವೆ. ಸವಾರರಿಗೂ ವಯಸ್ಸಿನ ವರ್ಗಗಳಿವೆ. 40 ದಾಟಿದವರು, 50 ದಾಟಿದವರು, 60 ದಾಟಿದವರು ತಮ್ಮ ತಮ್ಮಲ್ಲೇ ಓಡುತ್ತಾರೆ. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಿನಲ್ಲಿ ಈ ಸಾಹಸವೇ ಎಂದು ನಮಗನ್ನಿಸಿದರೂ ಅವರ ಉತ್ಸಾಹವನ್ನು ಮೆಚ್ಚದಿರಲಾಗಲಿಲ್ಲ.

ಇಂಗ್ಲೆಂಡಿನಲ್ಲಿ ‘1965ಕ್ಕೆ ಮೊದಲು’ ಎಂಬ ವರ್ಗ ಬಹಳ ಹಳೆಯದು. ಎರಡು ಶಾಕ್ ಅಬ್ಸಾರ್ಬರಿನ ಗಾಡಿಗಳಿಗೆ ‘ಟ್ವಿನ್‌ಶಾಕ್’ ಎಂಬುದೊಂದು. ಇವೆಲ್ಲಕ್ಕಿಂತ ನಮಗೆ ಹಿಡಿಸಿದ್ದು ‘ಇವೊ’ ಎಂದು ಕರೆಯುವ ವರ್ಗ. ಅದರಲ್ಲಿ ಮೂರು ‘ಇಲ್ಲ’ಗಳಿವೆ. ಎಂಜಿನ್ನಿಗೆ ನೀರಿನ ತಂಪು ಇಲ್ಲ. ಡಿಸ್ಕ್ ಬ್ರೇಕು ಇಲ್ಲ. ಹಿಂಗಾಲಿನಲ್ಲಿ ಸನ್ನೆಕೋಲಿನ ಜೋಡಣೆ ಇಲ್ಲ. ಈ ಮೂರೂ ಇಲ್ಲವಾದರೆ ಗಾಡಿ ಒಳಗೆ, ಒಂದಿದ್ದರೂ ಹೊರಗೆ. ಕಾಗದಪತ್ರ ಹುಡುಕುವ ತೊಂದರೆಯಿಲ್ಲ; ನೋಡುವವನ ಕಣ್ಣು ಸಾಕು.

ಇನ್ನೊಂದು ಸೂಕ್ಷ್ಮವಿದೆ. ಗಾಡಿ ತಯಾರಾದ ವರ್ಷ ಬೇರೆ, ಗಾಡಿಯ ವಿನ್ಯಾಸದ ವರ್ಷ ಬೇರೆ. ಅಮೆರಿಕದ ನಿಯಮದಲ್ಲಿ ‘ಅದೇ ವಿನ್ಯಾಸದ್ದು’ ಎಂಬ ಮಾತು ಬರುತ್ತದೆ. ಗಡುವಿನ ವರ್ಷದ ನಂತರ ತಯಾರಾಗಿದ್ದರೂ, ಮೊದಲಿನ ಮಾದರಿಯೇ ಬದಲಾಗದೆ ಮುಂದುವರಿದಿದ್ದರೆ ಅಂಥ ಗಾಡಿಯನ್ನು ಹಳೆಯ ವರ್ಗದಲ್ಲಿ ಪರಿಗಣಿಸಬಹುದು. ಇದನ್ನು ಓದಿದಾಗ ನಮಗೆ ನೆನಪಾದದ್ದು ರಾಯಲ್ ಎನ್‌ಫೀಲ್ಡ್ ಬುಲೆಟ್. ಹಿಂದೆ ತೂಗುತೋಳು ಇದ್ದ ಅದರ ಮಾದರಿ 1948ರ ಅಂತರರಾಷ್ಟ್ರೀಯ ಆರು ದಿನಗಳ ಪರೀಕ್ಷಾ ಓಟದಲ್ಲಿ, ಇಟಲಿಯಲ್ಲಿ, ಬ್ರಿಟಿಷ್ ತಂಡದ ಪರವಾಗಿ ಓಡಿ ಹೆಸರು ಮಾಡಿತ್ತು. 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ ದಶಕಗಳ ಕಾಲ ತನ್ನ ಮೂಲ ರೂಪವನ್ನು ಹೆಚ್ಚು ಕಡಿಮೆ ಹಾಗೆಯೇ ಉಳಿಸಿಕೊಂಡು ಬಂದಿತು. ತಯಾರಾದ ವರ್ಷ 1985 ಎಂದು ಪುಸ್ತಕದಲ್ಲಿ ಬರೆದಿರಬಹುದು; ಹಲ್ಲು ಮಾತ್ರ 1950ರ ದಶಕದ್ದು.

ಇದರ ತಿರುವುಮುರುವು ಉದಾಹರಣೆಯೂ ನಮ್ಮ ಕಣ್ಣೆದುರಿಗಿದೆ. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿ ಮಾರುಕಟ್ಟೆಗೆ ಬಂದಿತು. ಉರುಟಾದ ಟ್ಯಾಂಕು, ಹೊಳೆಯುವ ಎರಡು ಸೈಲೆನ್ಸರು, ದೂರದಿಂದ ನೋಡಿದರೆ ತಾತನ ಗಾಡಿಯೇ ಎದ್ದು ಬಂದಂತೆ. ಹತ್ತಿರ ಹೋದರೆ ಫೋರ್ ಸ್ಟ್ರೋಕ್ ಎಂಜಿನ್ನು, ನೀರಿನ ತಂಪು, ಡಿಸ್ಕ್ ಬ್ರೇಕು. ಹಳೆಯ ಗಾಡಿಗಳ ವರ್ಗದಲ್ಲಿ ಅದಕ್ಕೆ ಪ್ರವೇಶವಿಲ್ಲ. ಮುಖ ತಾತನದು, ಹಲ್ಲು ಮೊಮ್ಮಗನದು.

ಹಾಗಾದರೆ ಹಳೆಯ ಗಾಡಿಯಲ್ಲಿ ಏನನ್ನೂ ಬದಲಿಸಕೂಡದೇ? ಹಾಗಲ್ಲ. ಸವೆದ ಪಿಸ್ಟನ್ನು, ರಿಂಗು, ಕೇಬಲ್ಲು, ಚೈನು, ಬೇರಿಂಗು, ಟೈರು ಇವನ್ನು ಹಾಕಲೇಬೇಕು. ಮಣ್ಣಿನ ಓಟಕ್ಕೆ ದೀಪ, ಗಾಜು, ಸ್ಟ್ಯಾಂಡು ಕಳಚಬೇಕು. ಬಿದ್ದಾಗ ಕಾಲಿಗೆ ಚುಚ್ಚದಂತೆ ಕಾಲೂರುವ ಕಡ್ಡಿಗಳು ಸ್ಪ್ರಿಂಗಿನಿಂದ ಮಡಚಿಕೊಳ್ಳುವಂತಿರಬೇಕು, ಬ್ರೇಕು ಮತ್ತು ಕ್ಲಚ್ ಹಿಡಿಗಳ ತುದಿ ಗುಂಡಗಿರಬೇಕು, ಕೈ ಬಿಟ್ಟೊಡನೆ ಆಕ್ಸಿಲರೇಟರ್ ತಾನಾಗಿ ಹಿಂದಿರುಗಬೇಕು, ಎಂಜಿನ್ನನ್ನು ತಕ್ಷಣ ನಿಲ್ಲಿಸುವ ಗುಂಡಿ ಇರಬೇಕು. ಸವಾರನ ಪ್ರಾಣಕ್ಕೆ ಸಂಬಂಧಿಸಿದ ಬದಲಾವಣೆಗಳಿಗೆ ನಿಯಮ ಅಡ್ಡಿ ಮಾಡುವುದಿಲ್ಲ, ಬದಲಿಗೆ ಒತ್ತಾಯ ಮಾಡುತ್ತದೆ. ಅಡ್ಡಿ ಇರುವುದು ಗಾಡಿಯ ಕಾಲವನ್ನೇ ಬದಲಿಸುವ ಕೆಲಸಕ್ಕೆ: ಫ್ರೇಮಿಗೆ, ಚಕ್ರದ ಚಲನೆಗೆ, ಬ್ರೇಕಿನ ಜಾತಿಗೆ, ತಂಪಿನ ವಿಧಾನಕ್ಕೆ. ತನ್ನ ಗಾಡಿ ಅರ್ಹವೆಂದು ಸಿದ್ಧಪಡಿಸುವ ಹೊಣೆಯೂ ಸ್ಪರ್ಧಿಯದೇ. ಕಾರ್ಖಾನೆಯ ಕೈಪಿಡಿ, ಹಳೆಯ ಫೋಟೋ, ಎಂಜಿನ್ ಮತ್ತು ಫ್ರೇಮಿನ ನಂಬರು ಇವೆಲ್ಲ ಅಲ್ಲಿ ಸಾಕ್ಷಿಗಳು.

ಈಗ ನಮ್ಮ ಹುಡುಗನ ಸೋಮವಾರದ ಯೋಜನೆಯನ್ನು ತೂಗಿ ನೋಡೋಣ. 1968ರ ಜಾವಾಕ್ಕೆ ಒಂಟಿ ಶಾಕ್ ಅಬ್ಸಾರ್ಬರು ಕೂರಿಸಿದರೆ ಅದು ‘ವಿಂಟೇಜ್’ಗೆ ಸಲ್ಲದು, ‘ಟ್ವಿನ್‌ಶಾಕ್’ಗೂ ಸಲ್ಲದು. ಹೊಸ ಬೈಕಿನ ಸನ್ನೆಕೋಲೂ ಜೊತೆಗೆ ಬಂದರೆ ‘ಇವೊ’ಗೂ ಸಲ್ಲದು. ಹೊಸ ಗಾಡಿಗಳ ಸಾಲಿನಲ್ಲಿ ನಿಲ್ಲಿಸಿದರೆ ಅರ್ಧ ಸುತ್ತಿನಲ್ಲಿ ಹಿಂದುಳಿಯುತ್ತದೆ. ಓಟಕ್ಕೆ ಅರ್ಹಗೊಳಿಸಬೇಕೆಂದು ಹೊರಟ ಕೆಲಸವೇ ಅದನ್ನು ಎಲ್ಲ ವರ್ಗಗಳಿಂದ ಹೊರಗೆ ಹಾಕುತ್ತಿತ್ತು. ಕತ್ತರಿಸದಿದ್ದರೆ ಅದೇ ಗಾಡಿಗೆ ಮೂರು ಬಾಗಿಲುಗಳೂ ತೆರೆದಿದ್ದವು.

ನಮ್ಮ ನಾಡಿನ ಸಂಗತಿ

ನಮ್ಮ ದೇಶದಲ್ಲಿ ಮೋಟಾರು ಕ್ರೀಡೆಗಳ ಅಧಿಕೃತ ಸಂಸ್ಥೆ 1971ರಲ್ಲಿ ಸ್ಥಾಪಿತವಾದ ಭಾರತೀಯ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟ; ಎಫ್.ಎಂ.ಎಸ್.ಸಿ.ಐ. ಎಂದೇ ಪ್ರಸಿದ್ಧ. ಸ್ಪರ್ಧಿಗಳು ಅದರ ಪರವಾನಗಿ ಪಡೆದಿರಬೇಕು. ಅದರ ರಾಷ್ಟ್ರೀಯ ಸೂಪರ್‌ಕ್ರಾಸ್ ಪಂದ್ಯಗಳಲ್ಲಿ ವಿದೇಶಿ ಗಾಡಿಗಳಿಗೆ ಒಂದು, ನಮ್ಮಲ್ಲೇ ತಯಾರಾದ ಗಾಡಿಗಳಿಗೆ ಇನ್ನೊಂದು, ಹೊಸಬರಿಗೆ ಮತ್ತೊಂದು ಎಂಬಂತೆ ವರ್ಗಗಳನ್ನು ಮಾಡುತ್ತಾ ಬಂದಿದ್ದಾರೆ. ಇದೂ ನ್ಯಾಯವೇ, ಓಟಕ್ಕೆಂದೇ ಹುಟ್ಟಿದ ವಿದೇಶಿ ಗಾಡಿಯೊಡನೆ ಪೇಟೆಯ ಗಾಡಿಯನ್ನು ತಿದ್ದಿ ತಂದವನನ್ನು ನಿಲ್ಲಿಸಲಾಗದು. ಹಳೆಯ ಜಾವಾ, ಯೆಜ್ಡಿಗಳು ಸೇರುವುದು ಹೆಚ್ಚಾಗಿ ಮೆರವಣಿಗೆಗಳಲ್ಲಿ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಬೆಂಗಳೂರಿನಲ್ಲಿ ಅವು ನೂರಾರು ಸಂಖ್ಯೆಯಲ್ಲಿ ಕಲೆತು ಹೊಗೆಯುಗುಳಿ ಹೋಗುತ್ತವೆ.

ನಮ್ಮಲ್ಲೂ ಮಣ್ಣಿನ ಓಟಕ್ಕೆ ವಯಸ್ಸಿನ ವರ್ಗಗಳನ್ನು ಮಾಡುವುದಾದರೆ ಹೊರದೇಶದ ಇಸವಿಗಳನ್ನು ಹಾಗೆಯೇ ಎತ್ತಿ ತರಬಾರದೆಂಬುದು ನಮ್ಮ ಅಭಿಪ್ರಾಯ. ಅಲ್ಲಿ 1980ರ ದಶಕದ ಆರಂಭದಲ್ಲೇ ಮುಗಿದ ಕಾಲ ನಮ್ಮಲ್ಲಿ ಇನ್ನೂ ಹದಿನೈದು ವರ್ಷ ನಡೆಯಿತು. ಮೈಸೂರಿನಿಂದ 1996ರಲ್ಲಿ ಹೊರಬಂದ ಕೊನೆಯ ಯೆಜ್ಡಿಯನ್ನು ನೋಡಿ: ಗಾಳಿಯ ತಂಪು, ಡ್ರಮ್ ಬ್ರೇಕು, ಹಿಂದೆ ಎರಡು ಶಾಕ್ ಅಬ್ಸಾರ್ಬರು. ಇಸವಿಯ ಗಡುವು ಹಾಕಿದರೆ ಅದು ‘ಹೊಸದು’, ಹಲ್ಲು ನೋಡಿದರೆ ಹಳೆಯದು. ಎಸ್ಕಾರ್ಟ್ಸ್‌ನವರ ರಾಜದೂತ್ ಪೋಲೆಂಡಿನ ಹಳೆಯ ಮಾದರಿಯೊಂದರ ಮೇಲೆ ರೂಪುಗೊಂಡು ಹಳ್ಳಿ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊತ್ತು ದಶಕಗಳ ಕಾಲ ದುಡಿಯಿತು. 1985ರ ಆಸುಪಾಸಿನಲ್ಲಿ ಜಪಾನೀ ಕಂಪೆನಿಗಳ ಸಹಯೋಗದ 100 ಸಿ.ಸಿ. ಗಾಡಿಗಳು ಬಂದಾಗ ನಮ್ಮಲ್ಲಿ ಒಂದು ಯುಗ ತಿರುಗಿತು. ಡಿಸ್ಕ್ ಬ್ರೇಕನ್ನು ನಮ್ಮ ಸಾಮಾನ್ಯ ಸವಾರರು ಕಂಡದ್ದು 1999ರ ಹೀರೊ ಹೋಂಡಾ ಸಿ.ಬಿ.ಝಡ್. ಕಾಲಕ್ಕೆ. ನೀರಿನ ತಂಪು, ಒಂಟಿ ಶಾಕ್ ಅಬ್ಸಾರ್ಬರು ಎರಡೂ ಕೂಡಿದ ಯಮಹಾ ಆರ್15 ಬಂದದ್ದು 2008ರಲ್ಲಿ. ಜಾವಾ, ಯೆಜ್ಡಿ, ರಾಜದೂತ್, ಬುಲೆಟ್‌ಗಳಿಗೆ ಒಂದು ವರ್ಗ. 1985ರ ನಂತರದ ಟೂ ಸ್ಟ್ರೋಕ್ 100 ಸಿ.ಸಿ.ಗಳಿಗೆ ಒಂದು ವರ್ಗ. ಎರಡಕ್ಕೂ ಆ ಮೂರು ‘ಇಲ್ಲ’ಗಳು. ಇಷ್ಟರಿಂದಲೇ ನಮ್ಮ ನಾಡಿನ ಪಂದ್ಯವೊಂದನ್ನು ಧಾರಾಳವಾಗಿ ಕಟ್ಟಬಹುದು. ಇಸವಿಯನ್ನು ಕಡೆಯಲ್ಲಿ ನೋಡಿದರಾಯಿತು.

ಓಟದ ಮಾತು ಹೀಗಾದರೆ, ಕಾನೂನಿನ ಮಾತು ಮನೆಯ ಯಜಮಾನರಿಗೆ ಇನ್ನೂ ಹತ್ತಿರದ್ದು. ಕೇಂದ್ರ ಸರಕಾರ 2021ರ ಜುಲೈ ತಿಂಗಳಲ್ಲಿ ಪ್ರಾಚೀನ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಎರಡು ಮತ್ತು ನಾಲ್ಕು ಚಕ್ರದ ಸ್ವಂತ ಬಳಕೆಯ ವಾಹನಗಳಿಗೆ ಇದು ಅನ್ವಯಿಸುತ್ತದೆ. ಚಾಸಿ, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗಿದ್ದರೆ ಈ ಮಾನ್ಯತೆ ಇಲ್ಲ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಹೊಸ ನೋಂದಣಿಯ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ಮುಂದೆ ‘ವಿ.ಎ.’ ಎಂಬ ಗುರುತು ಬರುತ್ತದೆ. ಮೊದಲೇ ನೋಂದಣಿಯಾಗಿದ್ದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಇಂಥ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ಹಳೆಯ ವಾಹನಗಳ ರ‍್ಯಾಲಿ, ಪೆಟ್ರೋಲು ತುಂಬಿಸುವುದು, ರಿಪೇರಿ ಇಂಥ ಕೆಲಸಗಳಿಗೆ ಅಡ್ಡಿಯಿಲ್ಲ. ಓಟದ ನಿಯಮ, ಸರಕಾರದ ನಿಯಮ ಎರಡೂ ಒಂದೇ ಪ್ರಶ್ನೆಯನ್ನು ಕೇಳುತ್ತವೆ ಎಂಬುದನ್ನು ಗಮನಿಸಬೇಕು: ಮೂಲ ಫ್ರೇಮು ಹಾಗೆಯೇ ಇದೆಯೇ?

ಈ ಮಾನ್ಯತೆ ಬೇಡವೆಂದರೂ ಕತ್ತರಿಸುವ ಸ್ವಾತಂತ್ರ್ಯ ದೊರೆಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣದಂತೆ, ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಿ ರಸ್ತೆಗೆ ತರುವುದು ತಪ್ಪು. ಅದೇ ಕಾಯ್ದೆಯ 50ನೆಯ ಪ್ರಕರಣವನ್ನೂ ನಮ್ಮ ಮನೆಗಳು ಮರೆಯುತ್ತವೆ. ಗಾಡಿಯ ಒಡೆಯರು ತೀರಿಕೊಂಡರೆ ವಾರಸುದಾರರು 30 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಕೊಡಬೇಕು. ಜಮೀನಿನ ಪಹಣಿಯನ್ನು ತಿಂಗಳೊಳಗೆ ಬದಲಿಸಲು ಓಡುವ ನಾವು ಕೊಟ್ಟಿಗೆಯ ಗಾಡಿಯನ್ನು ಹತ್ತಾರು ವರ್ಷ ತೀರಿಕೊಂಡವರ ಹೆಸರಿನಲ್ಲೇ ಬಿಟ್ಟಿರುತ್ತೇವೆ. ನಾವು ಹೋಗಿದ್ದ ಮನೆಯಲ್ಲೂ ಅದೇ ಆಗಿತ್ತು. ಮೊದಲ ಹದಿನೈದು ವರ್ಷದ ಅವಧಿ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆಗಬೇಕಾದ ನವೀಕರಣವೂ ನಿಂತುಹೋಗಿತ್ತು. ತಡವಾದುದಕ್ಕೆ ದಂಡ ತೆರಬೇಕಾದೀತು. ಆದರೆ ಮೂಲ ಆರ್.ಸಿ. ಪುಸ್ತಕ ಇರುವವರೆಗೆ ದಾರಿ ಇದ್ದೇ ಇದೆ. ದೇವನಹಳ್ಳಿಯ ಕೆ.ಎ. 43 ಕಚೇರಿಯಾಗಲಿ ನೆಲಮಂಗಲದ ಕೆ.ಎ. 52 ಕಚೇರಿಯಾಗಲಿ, ಮೊದಲು ಕೇಳುವುದು ಆ ಪುಸ್ತಕವನ್ನೇ. ಗುಜರಿಯವನ ತಕ್ಕಡಿಗೆ ಗಾಡಿಯನ್ನು ಹಾಕುವ ಮುನ್ನ ಟ್ರಂಕನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು.

ತಾಯಿತಂದೆಯರ ಆತಂಕವನ್ನು ನಾವು ಬಲ್ಲೆವು. ತುಮಕೂರು ರಸ್ತೆ, ಹೊಸಕೋಟೆಯ ಹೆದ್ದಾರಿ, ವಿಮಾನ ನಿಲ್ದಾಣದ ರಸ್ತೆಗಳಲ್ಲಿ ಹುಡುಗರು ಮುಂಗಾಲನ್ನು ಎತ್ತಿ ಗಾಡಿ ಓಡಿಸುವ ಹುಚ್ಚಾಟ ಯಾರಿಗೆ ತಿಳಿಯದು? 2024ರ ಆಗಸ್ಟ್ ತಿಂಗಳಲ್ಲಿ ನೆಲಮಂಗಲದ ಬಳಿ ಬೇಸತ್ತ ಜನರು ಅಂಥ ಗಾಡಿಗಳನ್ನು ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದದ್ದು ಸುದ್ದಿಯಾಯಿತು. ಮಗನಿಗೆ ಓಟದ ಆಸೆಯೆಂದೊಡನೆ ಹೆತ್ತವರ ಕಣ್ಣಿಗೆ ಆ ಚಿತ್ರವೇ ಬರುತ್ತದೆ. ಆದರೆ ನಿಯಮದ ಓಟ ಬೇರೆ, ರಸ್ತೆಯ ಹುಚ್ಚಾಟ ಬೇರೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರು. ಹೊಸಕೋಟೆ ದಾಟಿ ಕೋಲಾರದ ಕಡೆ ಹೋದರೆ ಅವರು ಮಣ್ಣಿನ ಸವಾರಿ ಕಲಿಸಲು ಸ್ಥಾಪಿಸಿದ ಬಿಗ್ ರಾಕ್ ಮೈದಾನ ಸಿಗುತ್ತದೆ. ಉಡುಪಿಯ ಕೆ. ಪಿ. ಅರವಿಂದ್ ಕೂಡ ಸೂಪರ್‌ಕ್ರಾಸ್‌ನಿಂದ ಡಕಾರ್‌ವರೆಗೆ ಹೋದವರು. 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದರು. ಅಪಾಯವಿಲ್ಲವೆಂದು ನಾವು ಸುಳ್ಳು ಹೇಳಲಾರೆವು. ಸಂತೋಷ್ ಅವರೇ 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಗಿ ಆಸ್ಪತ್ರೆ ಸೇರಿದ್ದರು. ಹಳೆಯ ಗಾಡಿಯ ವರ್ಗಗಳಲ್ಲಿ ಚಕ್ರದ ಚಲನೆಗೆ ಮಿತಿ ಇರುವುದರಿಂದ ಉಬ್ಬುಗಳನ್ನೂ ತಗ್ಗಿಸಿಯೇ ಹಾದಿ ಮಾಡುತ್ತಾರೆ. ಮನೆಯ ಎತ್ತರಕ್ಕೆ ಹಾರುವ ಸೂಪರ್‌ಕ್ರಾಸ್ ಇದಲ್ಲ. ಹೆಲ್ಮೆಟ್ಟು, ಎದೆಗವಚ, ಮೊಣಕಾಲಿನ ಪಟ್ಟಿ, ಬೂಟು ಇಲ್ಲದವನನ್ನು ಆರಂಭದ ಗೆರೆಗೇ ಬಿಡುವುದಿಲ್ಲ. ಮನೆಯವರು ‘ಬೇಡ’ ಎನ್ನುವುದಾದರೆ ಇವನ್ನೆಲ್ಲ ತಿಳಿದು ಹೇಳಲಿ, ‘ಆಗಲಿ’ ಎನ್ನುವುದಾದರೂ ತಿಳಿದು ಹೇಳಲಿ.

ಒಂದು ತಿಂಗಳ ನಂತರ ನಾವು ಮತ್ತೆ ಆ ಮನೆಗೆ ಹೋದೆವು. ಅಂಗಳದಲ್ಲಿ ಗಾಡಿಯನ್ನು ತೊಳೆದು ನಿಲ್ಲಿಸಿದ್ದರು. ಹುಡುಗ ಅಳತೆಪಟ್ಟಿ ತಂದಿದ್ದ. ನಾವೂ ಅವನ ತಂದೆಯೂ ಹಿಂದಿನಿಂದ ಭಾರ ಹಾಕಿ ಸೀಟನ್ನು ಒತ್ತಿದೆವು. ಅವನು ನೆಲಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ಅಳೆದ. ಹಿಂಗಾಲಿನ ಚಲನೆ ನಾಲ್ಕು ಅಂಗುಲವನ್ನು ಮೀರಲಿಲ್ಲ. ಆಮೇಲೆ ಬ್ಯಾಟರಿ ಬೆಳಕು ಬಿಟ್ಟು ಫ್ರೇಮಿನ ನಂಬರನ್ನು ಹುಡುಕಿದ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮಣ್ಣನ್ನು ಉಜ್ಜಿದಂತೆ ಅಂಕಿಗಳು ಒಂದೊಂದಾಗಿ ಕಂಡವು. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಒಂದು ಬಟ್ಟೆಯ ಗಂಟನ್ನು ತಂದರು. ಯಜಮಾನರ ರುದ್ರಾಕ್ಷಿ, ಕನ್ನಡಕ, ಬ್ಯಾಂಕಿನ ಹಳೆಯ ಪುಸ್ತಕಗಳ ನಡುವೆ ಅಂಚು ಸವೆದ ಆರ್.ಸಿ. ಪುಸ್ತಕವಿತ್ತು. ಹುಡುಗ ಗಾಡಿಯ ಕೆಳಗಿನಿಂದಲೇ ಅಂಕಿಗಳನ್ನು ಕೂಗಿ ಹೇಳಿದ. ತಂದೆ ಪುಸ್ತಕದ ಪುಟದಲ್ಲಿ ಬೆರಳಿಟ್ಟು ಒಂದೊಂದಾಗಿ ತಾಳೆ ನೋಡಿದರು. ಎಲ್ಲವೂ ಕೂಡಿತು.

“ಇದರ ಮೇಲೇನೇ ನನ್ನ ಘಾಟಿ ಜಾತ್ರೆಗೆ ಕರ್ಕೊಂಡು ಹೋಗಿದ್ರು. ಬರೋವಾಗ ಒಂದು ಜೊತೆ ಕರು ಕೊಂಡ್ರು. ಇವರು ಗಾಡಿ ಮೇಲೆ ಮುಂದೆ, ಕರು ಹೊಡ್ಕೊಂಡು ಆಳು ಹಿಂದೆ” ಎಂದು ಅಜ್ಜಿ ನಕ್ಕರು. ಮಗನಿಗೆ ಆ ಕರುಗಳ ನೆನಪಿತ್ತು. ಎಷ್ಟು ಹಲ್ಲಿನವು ಎಂಬ ಬಗ್ಗೆ ಇಬ್ಬರಿಗೂ ಸ್ವಲ್ಪ ಚರ್ಚೆ ನಡೆಯಿತು. ವೆಲ್ಡಿಂಗಿನವನಿಗೆ ಕೊಟ್ಟಿದ್ದ ಮುಂಗಡದಲ್ಲಿ ದನಗಳ ಗೊಂತಿನ ಮುರಿದ ಕಂಬಿಯನ್ನು ಸರಿಮಾಡಿಸಿದ್ದಾಗಿ ಹುಡುಗ ಹೇಳಿದ. ಕಾರ್ಬೊರೇಟರನ್ನು ಬಿಚ್ಚಿ ತಟ್ಟೆಯಲ್ಲಿ ನೆನೆಹಾಕಿದ್ದ. ಮೈಸೂರಿನಲ್ಲಿ ಹಳೆಯ ಜಾವಾ ಬಿಡಿಭಾಗ ಇಟ್ಟುಕೊಂಡಿರುವವರೊಬ್ಬರ ವಿಳಾಸ ಸಿಕ್ಕಿದೆಯೆಂದೂ, ಪರೀಕ್ಷೆ ಮುಗಿದ ಮೇಲೆ ಪಿಸ್ಟನ್ ರಿಂಗು ತರಲು ತಂದೆಯ ಜೊತೆಯಲ್ಲೇ ಹೋಗುವುದಾಗಿಯೂ ತಿಳಿಸಿದ. ದೇವನಹಳ್ಳಿಯ ಕಚೇರಿಗೆ ಕೊಡಬೇಕಾದ ಅರ್ಜಿಯನ್ನು ತುಂಬಲು ಅವರು ನಮ್ಮನ್ನು ಜಗಲಿಯ ಮೇಲೆ ಕೂರಿಸಿಕೊಂಡರು. ಹೊಸ ಒಡೆಯರ ಹೆಸರು ಬರೆಯುವ ಜಾಗದಲ್ಲಿ ಯಾರ ಹೆಸರು ಎಂದು ಕೇಳಿದಾಗ ತಂದೆ ಮಗ ಇಬ್ಬರೂ ಅಜ್ಜಿಯ ಕಡೆ ನೋಡಿದರು.